ಗಾಳಿಯ ಸಾಕ್ಷ್ಯಕ್ಕೆ ವಕ್ತಾರರಿಲ್ಲವೆ?

ನೆಲವು ನಡುಗಿದರೆ ಜನರಿಗೆ ತಿಳಿಸುವುದಕ್ಕೆ ಕನ್ನಡನಾಡಿನಲ್ಲಿ ಒಂದು ಕಚೇರಿಯುಂಟು. ಮಳೆಯು ಹೆಚ್ಚಿದರೂ ಕಡಮೆಯಾದರೂ ತಿಳಿಸುವುದಕ್ಕೆ ಉಂಟು. ಗಾಳಿಯೇ ನಡುಗಿದರೆ ತಿಳಿಸತಕ್ಕವರು ಯಾರು? ಈ ಪ್ರಶ್ನೆಗೆ ಉತ್ತರವಿಲ್ಲದಿರುವುದನ್ನು ಅಲ್ಪವಾದ ಕೊರತೆಯೆಂದು ಭಾವಿಸುವವರುಂಟು. ಅದು ಅಲ್ಪವಲ್ಲ, ಆ ಕೊರತೆಯನ್ನು ತುಂಬುವುದಕ್ಕೆ ಬೇಕಾದ ವಿದ್ಯೆಯೂ ಉಪಕರಣವೂ ಈ ನಾಡಿನಲ್ಲಿಯೇ ಇವೆ, ಇಲ್ಲದಿರುವುದು ತಿಳಿದುದನ್ನು ಜನರಿಗೆ ಹೇಳಬೇಕೆಂಬ ಸಂಕಲ್ಪವೊಂದೇ. ಇದೇ ಇಲ್ಲಿಯ ಪ್ರತಿಪಾದ್ಯ ವಿಷಯ.

2020ನೆಯ ಇಸವಿ ಮೇ 20ನೆಯ ತಾರೀಖು ಬುಧವಾರ, ಮಧ್ಯಾಹ್ನ ಒಂದೂವರೆ ಗಂಟೆಗೆ ಸ್ವಲ್ಪ ಮುಂಚೆ, ಬೆಂಗಳೂರಿನ ಪೂರ್ವಭಾಗದಲ್ಲೆಲ್ಲ ಒಂದು ಭಾರಿ ಶಬ್ದವು ಕೇಳಿಬಂದುದು ವಾಚಕರಿಗೆ ನೆನಪಿರಬಹುದು. ಕೋವಿಡ್ ರೋಗದ ನಿರ್ಬಂಧದಿಂದ ಬಹುಮಂದಿ ಮನೆಗಳಲ್ಲಿಯೇ ಇದ್ದ ಕಾಲವದು. ಇಂದಿರಾನಗರ, ಹಳೆಯ ವಿಮಾನ ನಿಲ್ದಾಣದ ರಸ್ತೆ, ಮಾರತ್ತಹಳ್ಳಿ, ವೈಟ್‌ಫೀಲ್ಡ್ ಮೊದಲಾದ ಕಡೆಗಳಲ್ಲಿ ಕಿಟಕಿಯ ಗಾಜುಗಳು ಅದುರಿದವು. ಭೂಕಂಪವೆಂದು ಕೆಲವರೂ, ಎಲ್ಲಿಯೋ ಏನೋ ಸಿಡಿಯಿತೆಂದು ಕೆಲವರೂ ಭಾವಿಸಿದರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಭೂಕಂಪಮಾಪಕಗಳನ್ನು ನೋಡಿ, ಭೂಕಂಪದ ಗುರುತು ಯಾವುದೂ ಇಲ್ಲವೆಂದು ಬೇಗನೆಯೇ ತಿಳಿಸಿತು. ಭೂಕಂಪವಲ್ಲವಾದರೆ ಮತ್ತೇನು? ಅದಕ್ಕೆ ಉತ್ತರವು ಸಾಯಂಕಾಲದವರೆಗೆ ದೊರೆಯಲಿಲ್ಲ. ಕಡೆಗೆ ರಕ್ಷಣಾ ಇಲಾಖೆಯ ಪ್ರಕಟಣೆಯು ಹೊರಟಿತು: ಅದು ವಾಯುಸೇನೆಯ ವಿಮಾನವೊಂದರ ವಾಡಿಕೆಯ ಪರೀಕ್ಷಾ ಹಾರಾಟ; ಶಬ್ದವೇಗವನ್ನು ಮೀರಿ ಹಾರುತ್ತಿದ್ದ ವಿಮಾನವು 36,000ದಿಂದ 40,000 ಅಡಿಗಳ ಎತ್ತರದಲ್ಲಿ ವೇಗವನ್ನು ತಗ್ಗಿಸುವಾಗ ಈ ಶಬ್ದವು ಹುಟ್ಟಿರಬಹುದು; ವಿಮಾನವು ನಗರದ ಎಲ್ಲೆಯಿಂದ ಬಹುದೂರದಲ್ಲಿತ್ತು; ಇಂಥ ಶಬ್ದವು 65ರಿಂದ 80 ಕಿಲೋಮೀಟರು ದೂರಕ್ಕೂ ಕೇಳಬಲ್ಲದು. 2021ರ ಜುಲೈ 2ರಂದು ಇದೇ ಬಗೆಯ ಶಬ್ದವು ನಗರದಲ್ಲಿ ಮತ್ತೊಮ್ಮೆ ಕೇಳಿಬಂದಿತು. ಅದೇ ಪ್ರಶ್ನೆಗಳೂ ಮತ್ತೊಮ್ಮೆ ಎದ್ದವು.

ನೆಲದ ವಿಷಯವಾದ ಉತ್ತರವು ಬೇಗ ದೊರೆತುದಕ್ಕೆ ಕಾರಣ ಸ್ಪಷ್ಟವಾಗಿದೆ. ನೆಲಕ್ಕೆ ಮಾಪಕಗಳಿವೆ, ಆ ಮಾಪಕಗಳನ್ನು ಓದುವವರಿದ್ದಾರೆ, ಓದಿದುದನ್ನು ಜನರಿಗೆ ಹೇಳುವ ಪದ್ಧತಿಯಿದೆ. ಗಾಳಿಯ ವಿಷಯದಲ್ಲಿ ಈ ಮೂರನೆಯದು ಇಲ್ಲ. ಜೀವನ್ ಬಿಮಾ ನಗರದ ಹೆಸರೇ ಜೀವವಿಮೆಯದು. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನಾಂಗಣಕ್ಕೆ ಸಮೀಪದ ನೆರೆ. 1940ರಲ್ಲಿ ವಿಮಾನದ ಕಾರ್ಖಾನೆಯಾಗಿ ಆ ಸಂಸ್ಥೆಯು ಹುಟ್ಟಿದಂದಿನಿಂದ ಆ ಸೀಮೆಯು ವಿಮಾನದ ಸದ್ದನ್ನು ಸಹಿಸಿಕೊಂಡು ಬಂದಿದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ಪರೀಕ್ಷಾ ವಿಮಾನಗಳು ಉಳಿದವು. ಅಲ್ಲಿಯ ಗೃಹಸ್ಥರು ಸದ್ದನ್ನು ಕುರಿತು ದೂರುವುದಿಲ್ಲ. ಕಂಪಿಸಿದ ಗಾಳಿ ಏತರಿಂದ ಕಂಪಿಸಿತೆಂದು ಕೇಳುವುದಕ್ಕೆ ಅವರಿಗೆ ಅಧಿಕಾರವುಂಟೆ ಇಲ್ಲವೆ ಎಂಬುದೇ ವಿಚಾರ.

ಈ ವಿಚಾರವು ಒಂದು ಬಡಾವಣೆಯದು ಮಾತ್ರವಲ್ಲವೆಂಬುದನ್ನು ತಿಳಿಯಬೇಕಾದರೆ, ಗಾಳಿಯು ಎಷ್ಟು ದೂರದ ವಾರ್ತೆಯನ್ನು ತರಬಲ್ಲದೆಂಬುದನ್ನು ಮೊದಲು ತಿಳಿಯಬೇಕು. ದೊಡ್ಡ ಆಸ್ಫೋಟನವಾದಾಗ ಸುತ್ತಲಿನ ಗಾಳಿಯು ಒಮ್ಮೆಗೇ ಒತ್ತಲ್ಪಡುತ್ತದೆ. ಒತ್ತಿದ ಪದರವು ಮುಂದಿನ ಪದರವನ್ನು ಒತ್ತುತ್ತದೆ. ಹೀಗೆ ಅಲೆಯು ಸೆಕೆಂಡಿಗೆ ಮುನ್ನೂರು ಮೀಟರಿಗೆ ಮೀರಿದ ವೇಗದಿಂದ ಹರಡುತ್ತದೆ. ಈ ಅಲೆಯಲ್ಲಿ ವೇಗವಾಗಿ ಕಂಪಿಸುವ ಅಂಶವನ್ನು ಗಾಳಿಯು ಬೇಗ ಹೀರಿಬಿಡುತ್ತದೆ. ಮೆಲ್ಲನೆ ಕಂಪಿಸುವ ಅಂಶವು ಉಳಿದು ದೂರ ಹೋಗುತ್ತದೆ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಮೆ ಸಲ ಕಂಪಿಸುವ ಧ್ವನಿಯು ಮನುಷ್ಯನ ಕಿವಿಗೆ ಕೇಳದು. ವಿಜ್ಞಾನಿಗಳು ಅದನ್ನು ಇನ್‌ಫ್ರಾಸೌಂಡ್ ಎಂದು ಕರೆಯುತ್ತಾರೆ. ಕೇಳದ ಮಂದ್ರವೆಂದು ನಾವು ಹೇಳಬಹುದು. ಸುಮಾರು 50 ಕಿಲೋಮೀಟರು ಎತ್ತರದಲ್ಲಿ ಗಾಳಿಯು ಕೆಳಗಿನ ಪದರಗಳಿಗಿಂತ ಬೆಚ್ಚಗಿರುವುದರಿಂದಲೂ, ಅಲ್ಲಿ ಬೀಸುವ ಮಾರುತಗಳಿಂದಲೂ, ಈ ಮಂದ್ರವು ಬಾಗಿ ನೆಲಕ್ಕೆ ಮರಳುತ್ತದೆ. ನೆಲದಿಂದ ಪುಟಿದು ಮತ್ತೆ ಮೇಲೇರುತ್ತದೆ. ಋತುವಿಗೆ ಅನುಸಾರವಾಗಿ ಆ ಮಾರುತಗಳು ದಿಕ್ಕನ್ನು ಬದಲಾಯಿಸುವುದರಿಂದ, ಒಂದೇ ಆಸ್ಫೋಟನದ ವಾರ್ತೆಯು ಒಂದು ದಿಕ್ಕಿಗೆ ಸಾವಿರಾರು ಕಿಲೋಮೀಟರು ಮುಟ್ಟಿ ಮತ್ತೊಂದು ದಿಕ್ಕಿಗೆ ಮುಟ್ಟದೆ ಹೋಗುವುದೂ ಉಂಟು.

ಇದು ಬರಿಯ ಊಹೆಯಲ್ಲ. 1883ರ ಆಗಸ್ಟ್ 27ರಂದು ಕ್ರಕಟೋವ ಜ್ವಾಲಾಮುಖಿಯು ಸಿಡಿದಾಗ ಸುಮಾರು 4,800 ಕಿಲೋಮೀಟರು ದೂರದ ರಾಡ್ರಿಗಸ್ ದ್ವೀಪದಲ್ಲಿ ಫಿರಂಗಿಯ ಸದ್ದಿನಂತೆ ಕೇಳಿಸಿತು. ಗಾಳಿಯ ಅಲೆಯಾದರೋ ಭೂಮಿಯನ್ನೇ ಸುತ್ತಿ ಹೋಗುತ್ತ ಬರುತ್ತ, ಕೆಲವು ಸ್ಥಳಗಳ ವಾಯುಭಾರಮಾಪಕಗಳಲ್ಲಿ ಏಳು ಬಾರಿ ಗುರುತನ್ನು ಬರೆಯಿತು. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕ ಪ್ರದೇಶದ ಮೇಲೆ ಆಕಾಶದಿಂದ ಬಂದ ಪಿಂಡವೊಂದು ಸಿಡಿದುದನ್ನು ಇಂಗ್ಲೆಂಡಿನ ಸೂಕ್ಷ್ಮಮಾಪಕಗಳು ಬರೆದಿಟ್ಟುಕೊಂಡಿದ್ದವು. ಆದರೆ ಆ ಗೆರೆಗಳ ಅರ್ಥವನ್ನು ವಿದ್ವಾಂಸರು ವಿವರಿಸಿ ಪ್ರಕಟಿಸಿದುದು 1930ರಲ್ಲಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಾಕ್ಷ್ಯವು ಕಾಗದದ ಮೇಲಿತ್ತು. ಅದನ್ನು ಓದಿ ಹೇಳುವವರಿರಲಿಲ್ಲ. 1961ರ ಅಕ್ಟೋಬರ್ 30ರಂದು ಸೋವಿಯತ್ ದೇಶವು ನೊವಾಯ ಜೆಮ್ಲ್ಯ ದ್ವೀಪದ ಮೇಲೆ 50 ಮೆಗಾಟನ್ ಶಕ್ತಿಯ ಬಾಂಬನ್ನು ಸಿಡಿಸಿದಾಗ ಅದರ ಅಲೆಯೂ ಭೂಮಿಯನ್ನು ಒಂದಕ್ಕಿಂತ ಹೆಚ್ಚು ಸಲ ಸುತ್ತಿತು. 2022ರ ಜನವರಿ 15ರಂದು ಟೋಂಗ ದೇಶದ ಸಮುದ್ರದೊಳಗಿನ ಜ್ವಾಲಾಮುಖಿಯು ಸಿಡಿದುದಂತೂ ಈಚಿನ ಮಾತು. ಬೆಂಗಳೂರಿಗೂ ಟೋಂಗಕ್ಕೂ ನಡುವೆ ಸುಮಾರು ಹನ್ನೆರಡು ಸಾವಿರ ಕಿಲೋಮೀಟರು ದೂರ. ನಮ್ಮ ಗಡಿಯಾರದಲ್ಲಿ ಬೆಳಗಿನ ಒಂಬತ್ತು ಮುಕ್ಕಾಲರ ಸುಮಾರಿಗೆ ಹೊರಟ ಅಲೆಯು, ಗಣಿಸಿದರೆ, ರಾತ್ರಿ ಎಂಟೂವರೆಯ ಸುಮಾರಿಗೆ ಜೀವನ್ ಬಿಮಾ ನಗರದ ಮನೆಗಳ ಮೇಲೆ ಹಾದುಹೋಗಿರಬೇಕು. ಜನರು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ಜಗತ್ತಿನ ಅತ್ಯಂತ ದೊಡ್ಡ ವಾರ್ತೆಗಳಲ್ಲೊಂದು ಅವರ ಸೂರಿನ ಮೇಲೆ ಸದ್ದಿಲ್ಲದೆ ನಡೆದುಹೋಯಿತು.

ಯುದ್ಧಾಸ್ತ್ರಗಳನ್ನು ಕಾಯುವವರು ಈ ವಿದ್ಯೆಯನ್ನು ಬೇಗ ಹಿಡಿದುಕೊಂಡರು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕವು ಸಿಡಿಸಿದ ಬಾಂಬಿನ ಭೀಕರತೆಯನ್ನು ಕಂಡು, ಏಪ್ರಿಲ್ 2ರಂದು ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಸೂಚಿಸಿದರು. ನಿಲ್ಲಿಸಿದೆವೆಂದು ಹೇಳುವವರ ಮಾತನ್ನು ಪರೀಕ್ಷಿಸುವುದು ಹೇಗೆ? 1958ರಲ್ಲಿ ಜಿನೀವದಲ್ಲಿ ಸೇರಿದ ತಜ್ಞರು ಹೇಳಿದ ಉಪಾಯಗಳಲ್ಲಿ ಗಾಳಿಯ ಅಲೆಯನ್ನು ಕೇಳುವುದೂ ಒಂದು. ಗಾಳಿಯಲ್ಲಿ ತೇಲಿಬರುವ ವಿಕಿರಣಶೀಲ ಧೂಳನ್ನು ಹಿಡಿಯುವುದು, ನೆಲದ ಕಂಪನವನ್ನು ಅಳೆಯುವುದು, ಆಸ್ಫೋಟನದಿಂದ ಹೊರಡುವ ರೇಡಿಯೋ ಸಂಕೇತವನ್ನು ಗ್ರಹಿಸುವುದು ಉಳಿದವು. 1963ರಲ್ಲಿ ಗಾಳಿಯಲ್ಲಿಯೂ ನೀರಿನೊಳಗೂ ಅಂತರಿಕ್ಷದಲ್ಲಿಯೂ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಯಿತು. ಭಾರತವು ಅದಕ್ಕೆ ಸಹಿ ಹಾಕಿತು. ಚೀನವು ಸಹಿ ಹಾಕದೆ, 1964ರ ಅಕ್ಟೋಬರಿನಿಂದ 1980ರ ಅಕ್ಟೋಬರಿನವರೆಗೆ ಲೋಪ್ ನೋರ್ ಮರುಭೂಮಿಯ ಗಾಳಿಯಲ್ಲಿ ಬಾಂಬುಗಳನ್ನು ಸಿಡಿಸುತ್ತ ಬಂದಿತು. ಅಲ್ಲಿಂದ ಕನ್ನಡನಾಡಿಗೆ ಸುಮಾರು 3,300 ಕಿಲೋಮೀಟರು. ಗಾಳಿಯ ಅಲೆಗೆ ಮೂರು ಗಂಟೆಯ ದಾರಿ.

ಈ ಕಾಲದಲ್ಲಿಯೇ, 1965ರಲ್ಲಿ, ಬೆಂಗಳೂರಿಗೆ ಉತ್ತರದಲ್ಲಿ ಸುಮಾರು ಎಂಬತ್ತು ಕಿಲೋಮೀಟರು ದೂರದ ಗೌರಿಬಿದನೂರಿನಲ್ಲಿ, ಇಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯು ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಿಂದ ಭೂಕಂಪಮಾಪಕಗಳ ಒಂದು ಸಾಲನ್ನು ಸ್ಥಾಪಿಸಿತು. ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳುಗಳನ್ನು ಚಾಚಿಕೊಂಡು ಇಪ್ಪತ್ತು ಮಾಪಕಗಳು ಹೊಲಗದ್ದೆಗಳ ನಡುವೆ ಹರಡಿದವು. ದೂರದೇಶಗಳ ಪರಮಾಣು ಆಸ್ಫೋಟನಗಳನ್ನು ಕಂಡುಹಿಡಿಯುವುದೇ ಅದರ ಉದ್ದೇಶ. ಮುಂದೆ ಗಾಳಿಯ ಒತ್ತಡದ ಸೂಕ್ಷ್ಮಮಾಪಕಗಳೂ ಅಲ್ಲಿ ಸೇರಿದವು. ಜಗತ್ತಿನ ನೆಲವನ್ನೂ ಗಾಳಿಯನ್ನೂ ಆಲಿಸುವ ಕಿವಿಯೊಂದು ಕನ್ನಡದ ಮಣ್ಣಿನಲ್ಲಿ ಅರುವತ್ತು ವರ್ಷಗಳಿಂದ ಇದೆ. ಇದನ್ನು ಅರಿತ ಕನ್ನಡ ಗೃಹಸ್ಥರು ಎಷ್ಟು ಮಂದಿ? ಅರಿಯದಿದ್ದರೆ ತಪ್ಪು ಗೃಹಸ್ಥರದಲ್ಲ. ಅಲ್ಲಿಯ ವಿಜ್ಞಾನಿಗಳದೂ ಅಲ್ಲ, ಅವರು ತಮ್ಮ ಫಲಗಳನ್ನು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸಿಯೇ ಇದ್ದಾರೆ. ಆ ಪತ್ರಿಕೆಗಳಿಗೂ ಈ ನಾಡಿನ ಮನೆಗಳಿಗೂ ನಡುವೆ ಸೇತುವೆಯನ್ನು ಕಟ್ಟದಿರುವುದೇ ತಪ್ಪು.

ಇಷ್ಟನ್ನು ಕೇಳಿದ ಮೇಲೆ ಆಕ್ಷೇಪಗಳು ಬರುವುದು ಸಹಜ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಇಂಥ ವಿಷಯಗಳು ದೇಶರಕ್ಷಣೆಗೆ ಸೇರಿದವು, ಗುಟ್ಟಾಗಿಯೇ ಇರಬೇಕು ಎಂಬುದು ಮೊದಲನೆಯ ಆಕ್ಷೇಪ. ಗುಟ್ಟೆಂಬುದಕ್ಕೆ ಒಂದು ಲಕ್ಷಣವಿರಬೇಕಷ್ಟೆ. ವಿಮಾನವು ಯಾವುದು, ಅದರಲ್ಲಿ ಏನನ್ನು ಪರೀಕ್ಷಿಸುತ್ತಿದ್ದರು ಎಂಬುದು ಗುಟ್ಟಾಗಿರಲಿ; ಯಾರೂ ಅದನ್ನು ಕೇಳುವುದಿಲ್ಲ. ಆದರೆ ಲಕ್ಷಾಂತರ ಜನರ ಕಿವಿಗೆ ಬಿದ್ದ ಶಬ್ದವು ಬಿತ್ತೆಂಬುದು ಹೇಗೆ ಗುಟ್ಟಾದೀತು? ಊರಿಗೆಲ್ಲ ಸಾರಿದ ಡಂಗುರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತಾಯಿತು. ಗಾಳಿಯಾದರೋ ಯಾವ ದೇಶದ ಎಲ್ಲೆಯನ್ನೂ ಬಲ್ಲುದಲ್ಲ. ಇಲ್ಲಿ ಹುಟ್ಟಿದ ದೊಡ್ಡ ಅಲೆಯನ್ನು ಹೊರದೇಶದ ಮಾಪಕಗಳು ಬರೆದುಕೊಳ್ಳಬಹುದು. ಪರರಿಗೆ ತಿಳಿಯಬಹುದಾದುದನ್ನು ಮನೆಯವರಿಗೆ ಮಾತ್ರ ಮರೆಮಾಡುವುದು ರಕ್ಷಣೆಯಲ್ಲ. ಅಲ್ಲದೆ, ಆ ಮೇ ತಿಂಗಳ ಸಾಯಂಕಾಲದ ಪ್ರಕಟಣೆಯಿಂದ ದೇಶಕ್ಕೆ ಯಾವ ಹಾನಿಯೂ ಆಗಲಿಲ್ಲ. ಸಾಯಂಕಾಲಕ್ಕೆ ಹೇಳಬಹುದಾದ ಮಾತನ್ನು ಅರ್ಧ ಗಂಟೆಯಲ್ಲಿ ಹೇಳಿದ್ದರೂ ಹಾನಿಯಾಗುತ್ತಿರಲಿಲ್ಲ.

ಜನರಿಗೆ ಅರೆತಿಳಿವಳಿಕೆಯನ್ನು ಕೊಟ್ಟರೆ ಭಯವು ಹೆಚ್ಚುತ್ತದೆ, ಪ್ರತಿಯೊಂದು ಗೆರೆಯಲ್ಲಿಯೂ ಬಾಂಬನ್ನೇ ಕಾಣುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದುದರಿಂದಲೇ ಸರಿಯಾಗಿ ಕಲಿಸಬೇಕು. ನಮ್ಮ ತರ್ಕಶಾಸ್ತ್ರವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ಎಲ್ಲರೂ ಬಲ್ಲ ಉದಾಹರಣೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯಿರುವುದರಿಂದ ಆ ಅನುಮಾನವು ಸಾಧುವಾಯಿತು. ಗಾಳಿಯ ಅಲೆಯಿದ್ದಲ್ಲೆಲ್ಲ ಪರಮಾಣು ಬಾಂಬು ಉಂಟೆಂಬ ವ್ಯಾಪ್ತಿಯಿದೆಯೆ? ಇಲ್ಲ. ಜ್ವಾಲಾಮುಖಿಯೂ ಅಲೆಯನ್ನೆಬ್ಬಿಸುತ್ತದೆ, 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿದ ಉಲ್ಕೆಯೂ ಎಬ್ಬಿಸಿತು, ಅದು ಅಂಟಾರ್ಕ್ಟಿಕದ ನೆಲೆಯವರೆಗೂ ಮುಟ್ಟಿತು, ಶಬ್ದವೇಗವನ್ನು ಮೀರಿದ ವಿಮಾನವೂ ಎಬ್ಬಿಸುತ್ತದೆ. ಆದುದರಿಂದ ಅಲೆಯೊಂದನ್ನೇ ಹೇತುವಾಗಿ ಹಿಡಿದರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸವಾಗುತ್ತದೆ. ಇನ್ನು ತಿರುಗಿಸಿ ನೋಡಿದರೆ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಾಗೆಯೇ ನೆಲದೊಳಗೆ ಆಳವಾಗಿ ಸಿಡಿಸಿದ ಬಾಂಬು ಗಾಳಿಯಲ್ಲಿ ಹೇಳಿಕೊಳ್ಳುವಂಥ ಅಲೆಯನ್ನು ಎಬ್ಬಿಸದೆ ಇರಬಹುದು. 1974ರಲ್ಲಿಯೂ 1998ರಲ್ಲಿಯೂ ಪೋಖರಣಿನಲ್ಲಿ ನಡೆದ ಪರೀಕ್ಷೆಗಳು ನೆಲದೊಳಗಿನವೇ. ಅಲೆಯಿಲ್ಲದುದರಿಂದ ಬಾಂಬಿಲ್ಲವೆಂದೂ, ಅಲೆಯಿರುವುದರಿಂದ ಬಾಂಬೇ ಎಂದೂ ಹೇಳುವಂತಿಲ್ಲ. ಅಲೆಯ ದಿಕ್ಕು, ಕಾಲ, ಆಕಾರ, ನೆಲದ ಕಂಪನ, ವಿಕಿರಣದ ಧೂಳು ಇವೆಲ್ಲ ಒಂದಕ್ಕೊಂದು ಹೊಂದಿದಾಗಲೇ ನಿಶ್ಚಯ. 1979ರ ಸೆಪ್ಟೆಂಬರ್ 22ರಂದು ದಕ್ಷಿಣ ಸಮುದ್ರದ ಮೇಲೆ ಅಮೆರಿಕದ ಉಪಗ್ರಹವೊಂದು ಕಂಡ ಜೋಡಿ ಮಿಂಚು ಬಾಂಬಿನದೆ ಅಲ್ಲವೆ ಎಂಬ ವಾದವು ದಶಕಗಳ ಕಾಲ ನಡೆದುದು ಇಂಥ ಹೊಂದಿಕೆಯು ಪೂರ್ಣವಾಗಿ ದೊರೆಯದುದರಿಂದಲೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ಕಲಿತ ಜನರಿಗೆ ಇಷ್ಟು ವಿವೇಚನೆಯು ಅಸಾಧ್ಯವೆನ್ನುವುದು ಅವರಿಗೆ ಮಾಡುವ ಅವಮಾನ. ವದಂತಿಯು ಹುಟ್ಟುವುದು ತಿಳಿವಳಿಕೆಯಿಂದಲ್ಲ, ಉತ್ತರ ಬಾರದ ಆ ನಾಲ್ಕೈದು ಗಂಟೆಗಳ ಮೌನದಿಂದ.

ಮೂರನೆಯವರು ಆಕ್ಷೇಪಿಸುವುದಿಲ್ಲ, ಹೊಗಳುತ್ತಾರೆ. ಆದರೂ ಅವರಿಂದ ಆಗುವ ಕೇಡು ಕಡಮೆಯಲ್ಲ. ಬ್ರಹ್ಮಾಸ್ತ್ರವೇ ಪರಮಾಣು ಬಾಂಬು, ಶಬ್ದತರಂಗವೆಲ್ಲ ನಮ್ಮ ಋಷಿಗಳಿಗೆ ತಿಳಿದಿತ್ತು, ಹೊಸದಾಗಿ ಕಲಿಯುವುದೇನೂ ಇಲ್ಲ ಎಂಬುದು ಇವರ ಮಾತು. ನೈಯಾಯಿಕರು ಶಬ್ದವು ಹರಡುವುದಕ್ಕೆ ನೀರಿನ ಅಲೆಗಳ ದೃಷ್ಟಾಂತವನ್ನು ಕೊಟ್ಟುದು ನಿಜ. ಅದು ಅವರ ಸೂಕ್ಷ್ಮದೃಷ್ಟಿಗೆ ಭೂಷಣ. ಆದರೆ ಶಬ್ದವು ಆಕಾಶದ ಗುಣವೆಂದೂ ಅವರು ಸಿದ್ಧಾಂತ ಮಾಡಿದರು. ಗಾಳಿಯನ್ನು ಹೊರತೆಗೆದ ಗಾಜಿನ ಪಾತ್ರೆಯೊಳಗೆ ಗಂಟೆಯ ನಾದವು ಕೇಳಿಸದಿರುವುದರಿಂದ ಆ ಸಿದ್ಧಾಂತವು ಇಂದು ನಿಲ್ಲದು. ಪೂರ್ವಿಕರು ವಾದದಲ್ಲಿ ಸೋತಾಗ ಸೋತೆನೆಂದು ಒಪ್ಪುವ ನಿಯಮವನ್ನೂ ಶಾಸ್ತ್ರದಲ್ಲಿ ಬರೆದಿಟ್ಟವರು. ಅವರಿಗೆ ಇಲ್ಲದ ಯಂತ್ರಗಳನ್ನು ಅವರ ತಲೆಗೆ ಕಟ್ಟುವುದು ಭಕ್ತಿಯಲ್ಲ. ಪ್ರಮಾಣವಿಲ್ಲದೆ ಪ್ರಮೇಯವನ್ನು ಒಪ್ಪಬಾರದೆಂಬ ಅವರ ಪದ್ಧತಿಯನ್ನು ನಡೆಸುವುದೇ ಭಕ್ತಿ.

ಇಂಥ ವಿದ್ಯೆಗೆ ಕನ್ನಡದಲ್ಲಿ ಮಾತಿಲ್ಲವೆಂಬುದು ಕೊನೆಯದು. ಒತ್ತಡ, ಅಲೆ, ದಿಕ್ಕು, ಕಂಪನ ಎಂಬ ನಾಲ್ಕು ಮಾತುಗಳಲ್ಲಿ ಇದರ ಮುಖ್ಯಾಂಶವೆಲ್ಲ ಅಡಗಿದೆ. ಉಳಿದ ಒಂದೆರಡು ಪದಗಳನ್ನು ಹೇಗಿವೆಯೋ ಹಾಗೆ ತೆಗೆದುಕೊಂಡರೆ ಭಾಷೆಗೆ ಮೈಲಿಗೆಯಾಗುವುದಿಲ್ಲ. ಮನೆಯ ಉದಾಹರಣೆಯಿಂದಲೇ ಹೇಳಬಹುದು. ಬೆಂಗಳೂರಿನಲ್ಲಿ ಒಂದು ಮಹಡಿಯನ್ನು ಹತ್ತಿದರೆ ಗಾಳಿಯ ಒತ್ತಡವು ಸುಮಾರು ಮೂವತ್ತು ಪಾಸ್ಕಲಿನಷ್ಟು ಇಳಿಯುತ್ತದೆ. ಟೋಂಗದ ಅಲೆಯು ಇಷ್ಟು ದೂರ ಬಂದಮೇಲೂ ನೂರು ಪಾಸ್ಕಲಿನ ಆಸುಪಾಸಿನದು. ಊರೆಲ್ಲ ಒಮ್ಮೆಗೇ ಮೂರು ಮಹಡಿ ಇಳಿದು ಹತ್ತಿದಂತೆ. ಒಂದು ಮಹಡಿಯ ವ್ಯತ್ಯಾಸವನ್ನು ಗುರುತಿಸಬಲ್ಲ ಸಣ್ಣ ಮಾಪಕವು ಈಗ ಅನೇಕ ಮೊಬೈಲ್ ಫೋನುಗಳೊಳಗೇ ಇದೆ. ಗೌರಿಬಿದನೂರಿನಂಥ ನೆಲೆಯ ಮಾಪಕಗಳಾದರೋ ಒಂದು ಪಾಸ್ಕಲಿನ ನೂರರಲ್ಲೊಂದು ಪಾಲನ್ನೂ ಬಿಡದಂಥವು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ನೆಲದ ವಾರ್ತೆಯನ್ನು ಹೇಳುವ ಕೇಂದ್ರಕ್ಕೇ ಗಾಳಿಯ ವಾರ್ತೆಯನ್ನು ಹೇಳುವ ಕರ್ತವ್ಯವನ್ನೂ ಸರ್ಕಾರವು ಒಪ್ಪಿಸಲಿ. ಗ್ರಾಮ ಪಂಚಾಯತಿಗಳವರೆಗೂ ಮಳೆಮಾಪಕಗಳನ್ನು ನಿಲ್ಲಿಸಿದ ಕೇಂದ್ರಕ್ಕೆ ಕೆಲವು ಒತ್ತಡಮಾಪಕಗಳು ಭಾರವಾಗಲಾರವು. ಸೇನೆಯ ಕಚೇರಿಯು ವಿಮಾನದ ಹೆಸರನ್ನು ಹೇಳಬೇಕಾಗಿಲ್ಲ. ಹಾರಾಟದಿಂದಾದುದು ಎಂಬ ಒಂದು ವಾಕ್ಯವನ್ನು ಒಡನೆ ಆ ಕೇಂದ್ರಕ್ಕೆ ಕಳುಹಿಸಿದರೆ ಸಾಕು.

ಎರಡನೆಯದಾಗಿ, ಗೌರಿಬಿದನೂರಿನ ಗಾಳಿಮಾಪಕಗಳು ಬರೆದುಕೊಂಡ ನೈಸರ್ಗಿಕ ಘಟನೆಗಳ ವಿವರಗಳನ್ನು, ಜ್ವಾಲಾಮುಖಿ ಉಲ್ಕೆ ಮೊದಲಾದವುಗಳನ್ನಾದರೂ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಎಲ್ಲ ಪರಮಾಣು ಪರೀಕ್ಷೆಗಳನ್ನೂ ನಿಷೇಧಿಸುವ 1996ರ ಒಪ್ಪಂದಕ್ಕೆ ಭಾರತವು ಸಹಿ ಹಾಕಿಲ್ಲ. ಆ ಒಪ್ಪಂದವು ಇನ್ನೂ ಜಾರಿಗೆ ಬಂದಿಲ್ಲ. ಆದರೂ ಅದರ ಕಾವಲಿಗಾಗಿ ಜಗತ್ತಿನಲ್ಲಿ 60 ಇನ್‌ಫ್ರಾಸೌಂಡ್ ನೆಲೆಗಳನ್ನು ಯೋಜಿಸಿ ಐವತ್ತಕ್ಕಿಂತ ಹೆಚ್ಚನ್ನು ಕಟ್ಟಿದ್ದಾರೆ; ಟೋಂಗದ ಅಲೆಯನ್ನು ಆಗ ಕೆಲಸ ಮಾಡುತ್ತಿದ್ದ 53 ನೆಲೆಗಳೂ ಬರೆದುಕೊಂಡವು. ಆ ಸಾಲಿನಲ್ಲಿ ಭಾರತದ ನೆಲೆಯಿಲ್ಲ. ಸಹಿ ಹಾಕಬೇಕೆ ಬೇಡವೆ ಎಂಬುದು ರಾಜನೀತಿಯ ಪ್ರಶ್ನೆ, ಅದಕ್ಕೆ ಬೇರೆ ವಾದಗಳುಂಟು. ನಮ್ಮ ಕಿವಿಗೆ ಬಿದ್ದುದನ್ನು ನಮ್ಮವರಿಗೆ ಹೇಳುವುದಕ್ಕೆ ಯಾವ ಒಪ್ಪಂದವೂ ಬೇಕಾಗಿಲ್ಲ, ಯಾವ ಒಪ್ಪಂದವೂ ಅಡ್ಡ ಬರುವುದಿಲ್ಲ. ಸಾಕ್ಷ್ಯವು ಬಲಾಢ್ಯ ರಾಷ್ಟ್ರಗಳ ಕೈಯಲ್ಲಿ ಮಾತ್ರ ಉಳಿದರೆ, ಯಾರು ಸಿಡಿಸಿದರು ಯಾರು ಸಿಡಿಸಲಿಲ್ಲ ಎಂಬುದಕ್ಕೆ ಅವರ ಮಾತೇ ವೇದವಾಗುತ್ತದೆ.

ಮೂರನೆಯದು ಶಾಲೆಗಳ ಕೆಲಸ. ಹಲಸೂರು, ಜೀವನ್ ಬಿಮಾ ನಗರ, ಕೃಷ್ಣರಾಜಪುರ, ಶಿವಾಜಿನಗರ ಈ ನಾಲ್ಕು ಕಡೆಗಳ ಶಾಲೆಗಳಲ್ಲಿ ಒಂದೊಂದು ಒತ್ತಡಮಾಪಕವನ್ನೂ, ಸೆಕೆಂಡು ತಪ್ಪದ ಗಡಿಯಾರವನ್ನೂ ಇರಿಸಿದರೆ ಅದೇ ಒಂದು ಸಣ್ಣ ಗೌರಿಬಿದನೂರಾಗುತ್ತದೆ. ಹಲಸೂರಿಗೂ ಕೃಷ್ಣರಾಜಪುರಕ್ಕೂ ನಡುವೆ ಸುಮಾರು ಎಂಟೂವರೆ ಕಿಲೋಮೀಟರು ದೂರ. ಪೂರ್ವದಿಂದ ಬಂದ ಅಲೆಯು ಕೃಷ್ಣರಾಜಪುರವನ್ನು ಮುಟ್ಟಿದ ಇಪ್ಪತ್ತೈದು ಸೆಕೆಂಡಿನ ಮೇಲೆ ಹಲಸೂರನ್ನು ಮುಟ್ಟುತ್ತದೆ. ಪಶ್ಚಿಮದಿಂದ ಬಂದುದು ತಿರುಗುಮುರುಗಾಗಿ. ಈ ಕಾಲಭೇದವನ್ನು ಕಾಗದದ ಮೇಲೆ ಗಣಿಸಿ ಅಲೆಯ ದಿಕ್ಕನ್ನು ಹೇಳುವುದು ಪ್ರೌಢಶಾಲೆಯ ಹುಡುಗ ಹುಡುಗಿಯರಿಗೆ ಮೀರಿದ ಲೆಕ್ಕವಲ್ಲ. ಜಗತ್ತಿನ ಪರಮಾಣು ಕಾವಲು ನಡೆಯುತ್ತಿರುವುದು ಇದೇ ಲೆಕ್ಕದ ಮೇಲೆ. ಆ ಲೆಕ್ಕವನ್ನು ಒಮ್ಮೆ ಮಾಡಿದ ಮಗುವು ಮುಂದೆ ವದಂತಿಗೆ ಬೆದರುವುದೂ ಇಲ್ಲ, ಬರಿಯ ಪ್ರಕಟಣೆಗೆ ತಲೆದೂಗುವುದೂ ಇಲ್ಲ.

ಇವುಗಳಲ್ಲಿ ಯಾವುದಕ್ಕೂ ಹೊಸ ಶಾಸ್ತ್ರವು ಬೇಕಾಗಿಲ್ಲ; ಹೆಚ್ಚಿನ ದ್ರವ್ಯವೂ ಬೇಕಾಗಿಲ್ಲ. ಗಾಳಿಯು ಎಲ್ಲರ ಮನೆಗೂ ಸಮನಾಗಿ ಬರುತ್ತದೆ. ಅದು ಹೊತ್ತು ತಂದ ವಾರ್ತೆಯು ಕೆಲವರ ಬೀರುವಿನಲ್ಲಿ ಉಳಿಯುವುದು ನ್ಯಾಯವಲ್ಲ. ವಿದ್ಯಾವಂತ ಗೃಹಸ್ಥರು ತಮ್ಮ ಶಾಸಕರನ್ನೂ ಶಾಲೆಗಳ ಮುಖ್ಯಸ್ಥರನ್ನೂ ಕಂಡಾಗ ರಸ್ತೆ ನೀರುಗಳ ವಿಷಯದೊಡನೆ ಇದನ್ನೂ ಒಂದು ಮಾತು ಕೇಳಲಿ. ಕೇಳುವವರಿದ್ದರೆ ಹೇಳುವವರು ಹುಟ್ಟುತ್ತಾರೆ.